ಹಾಸ್ಟೆಲ್ ಮಗು ನನ್ನ ಹತ್ತಿರ ಹೇಳಿಕೊಂಡಿದೆ, ನಾನೇ ದೂರು ಕೊಡಬೇಕಾ?

ಶಿರಸಿ ಹತ್ತಿರದ ಹಾಸ್ಟೆಲ್‌ನಲ್ಲಿ ಅಡುಗೆ ಮಾಡುತ್ತೀರಿ. ಸಿಬ್ಬಂದಿಯೊಬ್ಬ ಕೆಟ್ಟದಾಗಿ ಮೈಮುಟ್ಟುತ್ತಾನೆ ಎಂದು ಮಗು ನಿಮಗೆ ಹೇಳಿದೆ. ಮೇಲಿನವರು ‘ನಾವೇ ವಿಚಾರಿಸ್ತೇವೆ, ಹೊರಗೆ ಬಾಯಿ ಬಿಡಬೇಡಿ’ ಅಂದಿದ್ದಾರೆ, ಅಲ್ವಾ?

ಹೌದು, ದೂರು ನೀವೇ ಕೊಡಬೇಕು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ವಿಷಯ ಗೊತ್ತಾದವರು ಯಾರೇ ಆಗಲಿ, ಪೊಲೀಸರಿಗೆ ತಿಳಿಸಲೇಬೇಕು. ಸುಮ್ಮನಿದ್ದರೆ 6 ತಿಂಗಳವರೆಗೆ ಜೈಲಾಗಬಹುದು. ತಮ್ಮ ಕೈಕೆಳಗಿನವನ ಕೃತ್ಯ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದವರೆಗೆ. ಸಾಕ್ಷಿ ಹುಡುಕುವುದು ನಿಮ್ಮ ಕೆಲಸ ಅಲ್ಲ. ಒಳ್ಳೆಯ ಮನಸ್ಸಿನಿಂದ ಕೊಟ್ಟ ಮಾಹಿತಿಗಾಗಿ ನಿಮ್ಮ ಮೇಲೆ ಕೇಸು ಹಾಕಲು ಬರುವುದಿಲ್ಲ.

ಇದಕ್ಕೆಲ್ಲ ಘಟ್ಟ ಇಳಿದು ಕಾರವಾರಕ್ಕೆ ಓಡಬೇಕಿಲ್ಲ. ಶಿರಸಿಯ ಠಾಣೆಗೇ ಹೋಗಿ, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಎತ್ತುತ್ತಾರೆ, ದುಡ್ಡು ಬೀಳುವುದಿಲ್ಲ.

ಮಗುವಿನ ವಿಷಯದಲ್ಲಿ ಮಾತ್ರ ತುಂಬಾ ಜೋಪಾನ. ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ. ‘ನೀನು ಹೇಳಿದ್ದು ಒಳ್ಳೇದಾಯ್ತು, ನಿನ್ನ ತಪ್ಪೇನೂ ಇಲ್ಲ ಪುಟ್ಟಾ’ ಅನ್ನಿ, ಅಷ್ಟು ಸಾಕು. ಮತ್ತೆ ಮತ್ತೆ ಕೆದಕಿ ಕೇಳಬೇಡಿ. ಅದು ಆಡಿದ ಮಾತನ್ನೇ, ಹಾಗೆಯೇ, ತಾರೀಖು ಹಾಕಿ ಬರೆದಿಡಿ. ‘ಹಿಂದಿನಿಂದ ಹಿಡ್ಕೊಂಡ್ರು’ ಅಂದಿದ್ದರೆ ಅದನ್ನೇ ಬರೆಯಿರಿ, ತಿದ್ದಬೇಡಿ. ಆ ಮನುಷ್ಯನನ್ನು ನೀವೇ ಹೋಗಿ ತರಾಟೆಗೆ ತೆಗೆದುಕೊಳ್ಳಬೇಡಿ, ಮಗುವಿಗೆ ಬೆದರಿಕೆ ಜಾಸ್ತಿಯಾಗುತ್ತದೆ. ಪಕ್ಕದ ಮನೆಯವರಿಗೂ ಹೆಸರು ಹೇಳಬೇಡಿ.

ಠಾಣೆ ಎಂದು ಮಗು ಹೆದರಿದರೆ ಇದನ್ನು ತಿಳಿಸಿ: ಹೇಳಿಕೆ ಪಡೆಯುವ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು, ಮಗುವನ್ನು ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ನಂಬಿಕೆಯ ದೊಡ್ಡವರೊಬ್ಬರು ಜೊತೆಗೆ ಕೂರಬಹುದು.