ಸುಟ್ಟ ಮನೆಗೆ ಎಷ್ಟು ಬೆಲೆ?

ಕುಮಟಾದ ಓದುಗರೊಬ್ಬರು ಕೇಳಿದ್ದಾರೆ: ‘ಗೋಕರ್ಣದ ಬದಿಗೆ, ಸಮುದ್ರಕ್ಕೆ ಹತ್ತಿರ ಒಂದು ಹಳೆಯ ಹಂಚಿನ ಮನೆ ಮಾರಾಟಕ್ಕಿದೆ. ಕಳೆದ ಬೇಸಿಗೆಯಲ್ಲಿ ಬೆಂಕಿ ಬಿದ್ದು ಮಾಡು (ಚಾವಣಿ) ಪೂರ್ತಿ ಹೋಗಿದೆ. ಹಿಂದಿನ ಸ್ಲ್ಯಾಬಿನ ಅಡುಗೆಮನೆ ನಿಂತಿದೆ. ಮಾರುವವರಿಗೆ ತುರ್ತಿದೆ, ಇನ್ನೂ ಇಳಿಸಬಹುದು. ರಿಪೇರಿ ಮಾಡಿಸಿ ವರ್ಷದೊಳಗೆ ಮಾರಿದರೆ ಲಾಭವಿದೆಯೇ?’

ಇರಬಹುದು. ಆದರೆ ಬರೀ ಜಾಗದ ಬೆಲೆಗೆ ಮಾತು ಮುಗಿಸಿ. ನಿಂತಿರುವ ಗೋಡೆಗೆ ಒಂದು ರೂಪಾಯಿಯನ್ನೂ ಲೆಕ್ಕ ಹಿಡಿಯಬೇಡಿ.

ಬೆಂಕಿಗಿಂತ ಅದರ ಬೆನ್ನಿಗೆ ಬಂದ ಮಳೆಯದ್ದೇ ನನಗೆ ಹೆಚ್ಚು ಹೆದರಿಕೆ. ಇಲ್ಲಿನ ಗೋಡೆಗಳ ಕೆಂಪು ಚಿರೆಕಲ್ಲು ಬೆಂಕಿಗೆ ಸುಲಭಕ್ಕೆ ಸೋಲುವುದಿಲ್ಲ. ಆದರೆ ಹಳೆಯ ಮನೆಗಳಲ್ಲಿ ಕಲ್ಲಿನ ನಡುವೆ ಹೆಚ್ಚಾಗಿ ಮಣ್ಣೇ ಇರುತ್ತದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ. ಮಾಡು ಇಲ್ಲದ ಗೋಡೆಯ ನೆತ್ತಿಯಿಂದ ನೀರು ಇಳಿದು ಆ ಮಣ್ಣನ್ನು ತೊಳೆದುಬಿಡುತ್ತದೆ. ಹೊರಗಿನಿಂದ ಗೋಡೆ ನೆಟ್ಟಗೇ ಕಾಣುತ್ತದೆ. ಸಂದಿಗೆ ಕಬ್ಬಿಣದ ಕಡ್ಡಿ ಚುಚ್ಚಿ ನೋಡಿ, ಸಲೀಸಾಗಿ ಒಳಗೆ ಹೋದರೆ ಆ ಗೋಡೆ ಕೆಡವಲೇಬೇಕು. ಕೆಡವಿ ಸಾಗಿಸುವ ಖರ್ಚನ್ನೂ ಬೆಲೆಯಲ್ಲಿ ಕಳೆಯಿರಿ.

ಕಪ್ಪಾದ ತೊಲೆಗಳನ್ನು ಮಾತ್ರ ಸುಮ್ನೆ ಸೌದೆಗೆ ಹಾಕಬೇಡಿ. ದಪ್ಪ ಮರ ಮೇಲೆ ಇದ್ದಿಲಾದರೆ, ಒಳಗಿನ ಮರವನ್ನು ಆ ಇದ್ದಿಲೇ ಕಾಯುತ್ತದೆ. ಬಡಗಿಯಿಂದ ಉಳಿಯಲ್ಲಿ ಕೆರೆಸಿ, ಗಟ್ಟಿ ಮರ ಎಷ್ಟು ದಪ್ಪ ಉಳಿದಿದೆ ಅಳೆಸಿ. ಹಂಚು ಹೊರುವ ಸಣ್ಣ ಮರಗಳಾದ ಪಕಾಸು, ರೀಪುಗಳ ಆಸೆ ಬಿಡಿ.

ನೀವು ಧೈರ್ಯ ಇಟ್ಟುಕೊಂಡಿರುವ ಆ ಸ್ಲ್ಯಾಬನ್ನೇ ನಾನು ಮೊದಲು ಅನುಮಾನಿಸುತ್ತೇನೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಕಾಂಕ್ರೀಟು ಎಷ್ಟೋ ಸಲ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಲ್ಲಿಂದ ಮುಂದೆ ಅದರ ಬಲ ಇಳಿಯುತ್ತಾ ಹೋಗುತ್ತದೆ. ಮಸಿ ಒರೆಸಿ ಬಣ್ಣ ನೋಡಿ. ಪದರ ಉದುರಿ ಸರಳು ಕಾಣುತ್ತಿದ್ದರೆ, ಬಡಿದಾಗ ಪೊಳ್ಳು ಸದ್ದು ಬಂದರೆ, ಸ್ಟ್ರಕ್ಚರಲ್ ಇಂಜಿನಿಯರ್ ಬಂದು ಪರೀಕ್ಷೆ ಮಾಡುವ ತನಕ ಮುಂಗಡ ಕೊಡಬೇಡಿ. ಸುಟ್ಟ ಪಿವಿಸಿ ವೈರಿನ ಹೊಗೆಯಲ್ಲಿ ಆಮ್ಲ ಇರುತ್ತದೆ, ಸರಳಿಗೆ ತುಕ್ಕು ಹಿಡಿಸುತ್ತದೆ. ವೈರಿಂಗ್ ಎಲ್ಲಾ ಹೊಸದೇ ಆಗಬೇಕು. ಮಸಿಯ ಮೇಲೆ ಬಣ್ಣ ಬಳಿದು ಮಾರುವವರಿದ್ದಾರೆ, ನೀವು ಆ ಕೆಲಸ ಮಾಡಬೇಡಿ. ನಾಳೆ ಆ ಸ್ಲ್ಯಾಬಿನ ಕೆಳಗೆ ಮಲಗುವುದು ಯಾರದೋ ಮಕ್ಕಳು, ಅಲ್ವಾ?

ಜಾಗ ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಝಡ್‌ನ ನಿರ್ಮಾಣ ನಿಷೇಧ ವಲಯದಲ್ಲಿದ್ದರೆ, ಅಧಿಕೃತ ಹಳೆಯ ಮನೆಯನ್ನು ಮೊದಲಿದ್ದ ವಿಸ್ತೀರ್ಣದೊಳಗೇ ಸರಿಪಡಿಸಬೇಕು. ಮಹಡಿ ಏರಿಸಿ ಮಾರುವ ಯೋಚನೆಯಿದ್ದರೆ ಲೆಕ್ಕ ಅಲ್ಲೇ ತಪ್ಪುತ್ತದೆ. ಪಿತ್ರಾರ್ಜಿತ ಆಸ್ತಿಯಾದರೆ ಹೆಣ್ಣುಮಕ್ಕಳ ಸಹಿಯನ್ನೂ ಕೇಳಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಅವರಿಗೂ ಸಮಪಾಲು. ಇನ್ನು ವರ್ಷದೊಳಗೆ ಮಾರುವ ಆತುರ ಏಕೆ? 24 ತಿಂಗಳೊಳಗೆ ಮಾರಿದರೆ ಲಾಭ ನಿಮ್ಮ ಉಳಿದ ಆದಾಯದ ಜೊತೆ ಸೇರಿ ತೆರಿಗೆ ಬೀಳುತ್ತದೆ. ಆಮೇಲಾದರೆ ಈಗಿನ ದರ ಶೇ. 12.5. ರಿಪೇರಿಯ ಬಿಲ್ಲುಗಳನ್ನು ಜೋಪಾನವಾಗಿಡಿ, ಲಾಭದಿಂದ ಆ ಖರ್ಚು ಕಳೆಯಬಹುದು.

‘ಇನ್ನೂ ಇಳಿಸಬಹುದು’ ಎಂಬ ಮಾತು ಓದಿ ಮನಸ್ಸಿಗೆ ಬೇಸರವಾಯಿತು. ಮನೆ ಕಳೆದುಕೊಂಡವರ ಅವಸರವನ್ನು ಬಂಡವಾಳ ಮಾಡಿಕೊಳ್ಳಬೇಡಿ. ಇಂಜಿನಿಯರ್ ವರದಿಯನ್ನು ಅವರ ಮುಂದಿಟ್ಟು ಮಾತಾಡಿ. ವಿಮೆ ಇತ್ತೇ ಎಂದೂ ಕೇಳಿ. ಇದ್ದರೆ ಆ ಪರಿಹಾರ ಅವರಿಗೆ ಸೇರಬೇಕಾದ್ದು. ಕ್ಲೇಮು ಇನ್ನೂ ಬಾಕಿಯಿದ್ದರೆ, ವಿಮೆಯ ಸರ್ವೇಯರ್ ನೋಡಿ ಮುಗಿಸುವ ತನಕ ಅಲ್ಲಿಂದ ಒಂದು ಒಡಕು ಹಂಚನ್ನೂ ಎತ್ತಬೇಡಿ.

— ಸಂ.