ಕ್ಲಾಸಿಗೆಲ್ಲ ಚಿಕ್ಕವನು ಅಂತ ಇನ್ನೊಂದು ವರ್ಷ ಅಲ್ಲೇ ಕೂರಿಸ್ಬೇಕಾ?

ಪ್ರಶ್ನೆ: ಮೇಡಂ, ನನ್ನ ಮಗ ಒಂದನೇ ಕ್ಲಾಸಲ್ಲಿದಾನೆ. ಅಡ್ಮಿಷನ್ನಿಗೆ ಇಟ್ಟಿರೋ ಕಟ್‌ಆಫ್ ತಾರೀಖಿಗೆ ಸ್ವಲ್ಪ ಮುಂಚೆ ಹುಟ್ಟಿದವನು, ಹಾಗಾಗಿ ಇಡೀ ಕ್ಲಾಸಿಗೆ ಅವನೇ ಚಿಕ್ಕೋನು. ಅಕ್ಷರ ಎಲ್ಲ ಗುರುತಿಸ್ತಾನೆ, ಆದ್ರೆ ಕೂಡಿಸಿ ಓದೋಕೆ ಒದ್ದಾಡ್ತಾನೆ, ಬೋರ್ಡ್ ಮೇಲಿಂದು ಬರ್ಕೊಳ್ಳೋಷ್ಟರಲ್ಲಿ ಮಿಸ್ ಅಳಿಸಿಬಿಟ್ಟಿರ್ತಾರೆ, ಮನೆಗೆ ಬಂದವನು ಶೂ ಕೂಡ ಬಿಚ್ಚದೆ ಮಲ್ಕೊಂಡ್ಬಿಡ್ತಾನೆ. ಫ್ರೆಂಡ್ಸ್ ಇದಾರೆ, ಆಟ ಚೆನ್ನಾಗಿ ಆಡ್ತಾನೆ. ಈಗ ಟೀಚರ್ ಕರೆದು "ಇನ್ನೊಂದು ವರ್ಷ ಇದೇ ಕ್ಲಾಸಲ್ಲಿ ಬಿಡಿ, ಬುನಾದಿ ಗಟ್ಟಿಯಾಗುತ್ತೆ" ಅಂದಿದಾರೆ. ನಮ್ಮ ಯಜಮಾನ್ರು ಹೂಂ ಅಂತಾರೆ, ಅತ್ತೆ "ಮಗು ಫೇಲಾಯ್ತು ಅಂತ ಜನ ಆಡ್ಕೋತಾರೆ" ಅಂತ ಬೇಡ ಅಂತಿದಾರೆ. ನಂಗೆ ದಿಕ್ಕೇ ತೋಚ್ತಿಲ್ಲ. ಏನ್ ಮಾಡ್ಲಿ?

ಉತ್ತರ: ನೀವು ಬರೆದಿರೋದಿಷ್ಟನ್ನೇ ನೋಡಿ ಹೇಳೋದಾದ್ರೆ, ಮುಂದಿನ ಕ್ಲಾಸಿಗೆ ಕಳ್ಸಿ ಅಂತೀನಿ. ಆದ್ರೆ ಅದಕ್ಕೂ ಮುಂಚೆ ಒಂದು ಕೆಲಸ ಮಾಡಿ, ಅವನ ಕಣ್ಣು, ಕಿವಿ ಎರಡನ್ನೂ ಟೆಸ್ಟ್ ಮಾಡ್ಸಿ. ಅಕ್ಷರ ಗೊತ್ತಿರೋ ಮಗು ಬೋರ್ಡಿಂದ ನೋಡಿ ಬರೆಯೋಕೆ ಮಾತ್ರ ಹಿಂದೆ ಬೀಳ್ತಿದೆ ಅಂದ್ರೆ ದೂರದ್ದು ಸರಿಯಾಗಿ ಕಾಣ್ತಿದ್ಯಾ ಅನ್ನೋದು ಮೊದಲು ಗೊತ್ತಾಗ್ಬೇಕು, ಯಾಕಂದ್ರೆ ಕಾಣ್ತಿಲ್ಲ ಅಂತ ಈ ವಯಸ್ಸಿನ ಮಕ್ಕಳು ಬಂದು ಹೇಳಲ್ಲ, ಎಲ್ಲರಿಗೂ ಹೀಗೇ ಕಾಣುತ್ತೆ ಅಂದ್ಕೊಂಡಿರ್ತವೆ. ಕಿವಿದೂ ಅಷ್ಟೇ, ನೆಗಡಿ ಆಗ್ತಾ ಇರೋ ಮಕ್ಕಳಿಗೆ ಕಿವಿ ತಮಟೆ ಹಿಂದೆ ನೀರು ತುಂಬ್ಕೊಂಡು ವಾರಗಟ್ಟಲೆ ಅರ್ಧಂಬರ್ಧ ಕೇಳಿಸೋದು ತುಂಬಾ ಸಾಮಾನ್ಯ, ಆಗ ಒಂದೇ ಥರ ಇರೋ ಶಬ್ದಗಳ ವ್ಯತ್ಯಾಸ ತಿಳಿಯದೆ ಓದೋದು ಕಷ್ಟ ಆಗುತ್ತೆ. ಕನ್ನಡಕ ಬೇಕಿದ್ದ ಮಗುನ ಒಂದು ವರ್ಷ ಹಿಂದೆ ಕೂರಿಸಿದ್ರೆ ಏನ್ ಬಂತು ಹೇಳಿ?

ಈಗ ವಯಸ್ಸಿನ ವಿಷಯ. ಐದು ವರ್ಷದ ಮಗು ಹುಟ್ಟಿ 60 ತಿಂಗಳಾಗಿರುತ್ತೆ. ಪಕ್ಕದ ಬೆಂಚಿನ ಮಗು ಅದಕ್ಕಿಂತ 11 ತಿಂಗಳು ದೊಡ್ಡದು ಅಂದ್ರೆ ಹೆಚ್ಚುಕಮ್ಮಿ ಇವನ ಆಯಸ್ಸಿನ ಐದನೇ ಒಂದು ಭಾಗದಷ್ಟು ಜಾಸ್ತಿ ಬದುಕಿದೆ, ಅಷ್ಟು ಜಾಸ್ತಿ ಮಾತು ಕೇಳಿದೆ, ಬೆರಳು ಅಷ್ಟು ಜಾಸ್ತಿ ಪಳಗಿದೆ. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಿ ಇವನು ವೀಕು ಅನ್ನೋದು ಅನ್ಯಾಯ. ಈ ಅನ್ಯಾಯ ಎಷ್ಟು ದೂರ ಹೋಗುತ್ತೆ ನೋಡಿ: ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 9 ಲಕ್ಷಕ್ಕೂ ಜಾಸ್ತಿ ಮಕ್ಕಳ ದಾಖಲೆ ಇಟ್ಕೊಂಡು ಮಾಡಿದ ಅಧ್ಯಯನ 2012ರಲ್ಲಿ ಬಂತು. ಅಲ್ಲಿ ಕಟ್‌ಆಫ್ ಡಿಸೆಂಬರ್ 31, ಹಾಗಾಗಿ ಡಿಸೆಂಬರಲ್ಲಿ ಹುಟ್ಟಿದವರೇ ಕ್ಲಾಸಿಗೆ ಚಿಕ್ಕೋರು, ಜನವರಿಯವರು ದೊಡ್ಡೋರು. ಡಿಸೆಂಬರಲ್ಲಿ ಹುಟ್ಟಿದ ಹುಡುಗರಿಗೆ ಎಡಿಎಚ್‌ಡಿ (ಗಮನ ಒಂದು ಕಡೆ ನಿಲ್ಲದ, ಸುಮ್ಮನೆ ಕೂರೋಕಾಗದ ತೊಂದರೆ) ಅಂತ ಹೇಳಿರೋದು ಜನವರಿಯವರಿಗಿಂತ ಶೇ. 30ರಷ್ಟು ಜಾಸ್ತಿ, ಹುಡುಗಿಯರಲ್ಲಿ ಶೇ. 70ರಷ್ಟು ಜಾಸ್ತಿ. ಡಿಸೆಂಬರ್ ಮಕ್ಕಳ ಮೆದುಳಲ್ಲೇ ಏನೋ ಬೇರೆ ಇರುತ್ತಾ? ಚಿಕ್ಕ ಮಗು ಚಿಕ್ಕ ಮಗು ಥರ ಇದ್ದಿದ್ದನ್ನೇ ಎಷ್ಟೋ ಕಡೆ ಕಾಯಿಲೆ ಅಂತ ಓದ್ಕೊಂಡಿರೋ ಸಾಧ್ಯತೆನೇ ಜಾಸ್ತಿ.

ಹಾಗಂತ ವಯಸ್ಸಿನ ಅಂತರ ಸುಳ್ಳು ಅಂತಲ್ಲ. ಬೇರೆ ಬೇರೆ ದೇಶದ ಮಕ್ಕಳ ಅಂಕ ಹೋಲಿಸಿ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕ್ಲಾಸಿನ ಚಿಕ್ಕ ಮಕ್ಕಳು ನಾಲ್ಕನೇ ತರಗತಿಲಿ ಹಿಂದಿದ್ರು, ಎಂಟನೇದಕ್ಕೆ ಬರೋಷ್ಟರಲ್ಲಿ ಆ ಅಂತರ ಕಮ್ಮಿ ಆಗಿತ್ತು, ಪೂರ್ತಿ ಹೋಗಿರ್ಲಿಲ್ಲ. ಟೀಚರ್ ಹೇಳೋದ್ರಲ್ಲೂ ಹುರುಳಿದೆ, ಅವರು ಮಗುವಿನ ಮೇಲಿನ ಕಾಳಜಿಯಿಂದಾನೇ ಹೇಳಿರ್ತಾರೆ.

ಆದ್ರೆ ರಿಪೀಟ್ ಮಾಡ್ಸಿದ್ರೆ ಏನಾಗುತ್ತೆ ಅಂತ ನೋಡಿದ ಎಷ್ಟೋ ಅಧ್ಯಯನಗಳಲ್ಲಿ ಕಾಣೋದು ಇಷ್ಟು, ಮೊದಲ ಒಂದೆರಡು ವರ್ಷ ಮಗು ಚೆನ್ನಾಗಿ ಮಾಡುತ್ತೆ, ಮಾಡ್ಲೇಬೇಕಲ್ವಾ, ಅದೇ ಪಾಠ ಎರಡನೇ ಸಲ, ಆಮೇಲೆ ಆ ಮೇಲುಗೈ ಕರಗ್ತಾ ಹೋಗುತ್ತೆ. ಮುಂದೆ ಹೈಸ್ಕೂಲಿಗೆ ಬಂದಾಗ ಕ್ಲಾಸಿಗೆಲ್ಲ ದೊಡ್ಡೋನು ಅನ್ನೋ ಮುಜುಗರ ಬೇರೆ. ನಿಮ್ಮ ಮಗನಿಗೆ ಫ್ರೆಂಡ್ಸ್ ಇದಾರೆ ಅಂದ್ರಿ, ನನಗೆ ನಿಮ್ಮ ಪತ್ರದಲ್ಲಿ ತುಂಬಾ ದೊಡ್ಡದಾಗಿ ಕಂಡಿದ್ದು ಅದೇ. ಅವರೆಲ್ಲ ಪಕ್ಕದ ರೂಮಿಗೆ ಹೋಗಿ ಇವನೊಬ್ಬ ಹಳೇ ಬೆಂಚಲ್ಲೇ ಉಳ್ಕೊಂಡ್ರೆ, ಯಾಕೆ ಅಂತ ಅವನಿಗೆ ಅರ್ಥ ಆಗದೆ ಇರಲ್ಲ.

ಟೀಚರ್ ಹತ್ರ ಹೋದಾಗ ಎರಡು ಪ್ರಶ್ನೆ ಕೇಳಿ. ಶಾಲೆ ಶುರುವಾದಾಗ ಏನ್ ಬರ್ತಿತ್ತು, ಈಗ ಏನ್ ಬರುತ್ತೆ, ಮೊದಲ ವಾರದ ನೋಟ್‌ಬುಕ್ಕನ್ನೂ ಈ ವಾರದ್ದನ್ನೂ ಪಕ್ಕಪಕ್ಕ ಇಟ್ಟು ತೋರ್ಸಿ ಅನ್ನಿ. ಮೊದಲು ಗೆರೆ ಮೇಲೆ ನಿಲ್ಲದ ಅಕ್ಷರ ಈಗ ನಿಲ್ತಿದೆ, ಪೆನ್ಸಿಲ್ ಮುಷ್ಟಿ ಬಿಟ್ಟು ಮೂರು ಬೆರಳಿಗೆ ಬಂದಿದೆ ಅಂದ್ರೆ ಮಗು ನಡೀತಾ ಇದೆ, ನಿಧಾನಕ್ಕೆ ನಡೀತಿದೆ ಅಷ್ಟೇ. ಎರಡನೇದು, ಇನ್ನೊಂದು ವರ್ಷ ಇಲ್ಲೇ ಬಿಟ್ರೆ ನೀವು ಬೇರೆ ಏನ್ ಮಾಡ್ತೀರಿ? "ಅದೇ ಪುಸ್ತಕ, ಅದೇ ಪಾಠ" ಅಂತ ಉತ್ತರ ಬಂದ್ರೆ ಒಪ್ಕೋಬೇಡಿ. ಅದರ ಬದಲು ಮುಂದಿನ ಕ್ಲಾಸಲ್ಲಿ ಮುಂದಿನ ಬೆಂಚು, ಬರೆಯೋಕೆ ಸ್ವಲ್ಪ ಜಾಸ್ತಿ ಟೈಮು, ಕೂಡಿಸಿ ಓದೋದನ್ನ ದಿನಾ ಹತ್ತು ನಿಮಿಷ ಪಕ್ಕದಲ್ಲಿ ಕೂತು ಯಾರಾದ್ರೂ ಹೇಳ್ಕೊಡೋದು, ಇಷ್ಟು ಕೇಳಿ. ಮನೇಲಿ ನೀವು ದಿನಾ ಜೋರಾಗಿ ಕಥೆ ಓದಿ ಹೇಳಿ, ಅವನಿಂದ ಓದ್ಸೋಕೆ ಹಠ ಮಾಡ್ಬೇಡಿ. ರಾತ್ರಿ ಈಗಿನದಕ್ಕಿಂತ ಬೇಗ ಮಲಗ್ಸಿ. ಮೂರರಿಂದ ಐದು ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆ, ಆರರಿಂದ ಹನ್ನೆರಡು ವರ್ಷದವರಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಶೂ ಹಾಕ್ಕೊಂಡೇ ಮಲಗೋ ಮಗುಗೆ ಸಾಯಂಕಾಲ ಟ್ಯೂಷನ್ ಖಂಡಿತ ಬೇಡ.

ಇನ್ನೊಂದು ವರ್ಷ ಅಲ್ಲೇ ಬಿಡೋದೇ ಸರಿ ಅನ್ನಿಸೋ ಸಂದರ್ಭಾನೂ ಇದೆ. ತಿಂಗಳುಗಟ್ಟಲೆ ಕಾಯಿಲೆ ಬಿದ್ದು ಶಾಲೆನೇ ತಪ್ಪಿಹೋಗಿದ್ರೆ, ಅಥವಾ ಓದು ಒಂದೇ ಅಲ್ಲ, ಮಾತು, ಆಟ, ಟಾಯ್ಲೆಟ್ಟು, ಬೇರೆ ಮಕ್ಕಳ ಜೊತೆ ಬೆರೆಯೋದು ಎಲ್ಲದರಲ್ಲೂ ಮಗು ಚಿಕ್ಕ ಮಕ್ಕಳ ಹತ್ರಾನೇ ಹೋಗ್ತಿದ್ರೆ ಯೋಚ್ನೆ ಮಾಡ್ಬಹುದು, ಅದೂ ಮಕ್ಕಳ ಡಾಕ್ಟರಿಗೆ ತೋರ್ಸಿದ್ಮೇಲೆ. ಡಿಸ್ಲೆಕ್ಸಿಯಾ (ಓದೋದು, ಬರೆಯೋದು ಕಷ್ಟ ಆಗೋ ಕಲಿಕೆಯ ತೊಂದರೆ) ಥರದ್ದೇನಾದ್ರೂ ಇದ್ರೆ ಕಲಿಸೋ ರೀತಿನೇ ಬದಲಾಗ್ಬೇಕು, ವರ್ಷ ಕಾದ್ರೆ ಅದು ತಾನಾಗೇ ಸರಿಹೋಗಲ್ಲ.

ಅತ್ತೆಯವರ ಮಾತಿಗೆ ಒಂದು ಮಾತು. ಜನ ಏನಂತಾರೆ ಅನ್ನೋದು ಅದೇ ಕ್ಲಾಸಲ್ಲಿ ಬಿಡೋಕೂ ಕಾರಣ ಅಲ್ಲ, ಮುಂದಕ್ಕೆ ಕಳ್ಸೋಕೂ ಕಾರಣ ಅಲ್ಲ. ಆದ್ರೆ "ಫೇಲು" ಅನ್ನೋ ಮಾತು ಮಗು ಕಿವಿಗೆ ಬೀಳದ ಹಾಗೆ ಈಗ್ಲಿಂದಾನೇ ನೋಡ್ಕೊಳ್ಳಿ, ದಯವಿಟ್ಟು.

ಪ್ರಶ್ನೆ: ನನ್ನ ಮಗಳದ್ದೂ ಕಟ್‌ಆಫ್ ಹತ್ರದ ಹುಟ್ಟಿದಬ್ಬ, ಇನ್ನೂ ಶಾಲೆಗೆ ಸೇರ್ಸಿಲ್ಲ. ಒಂದು ವರ್ಷ ತಡ ಮಾಡ್ಲಾ?

ಉತ್ತರ: ನಿಮ್ಮದು ಬೇರೆ ಲೆಕ್ಕ. ಸೇರ್ಸೋ ಮುಂಚೆ ಕಾಯೋದ್ರಲ್ಲಿ ಮಗುಗೆ ಯಾರನ್ನೂ ಬಿಟ್ಟು ಹಿಂದೆ ಉಳಿಯೋ ನೋವಿಲ್ಲ. ಫಿನ್ಲೆಂಡಲ್ಲಿ ಮಕ್ಕಳು ಏಳು ತುಂಬೋ ವರ್ಷ ಒಂದನೇ ಕ್ಲಾಸಿಗೆ ಹೋಗ್ತಾರೆ, ಇಂಗ್ಲೆಂಡಲ್ಲಿ ನಾಲ್ಕು ತುಂಬಿದ್ಮೇಲೇ ಶುರು, ಹಾಗಾಗಿ ಒಂದು ವರ್ಷ ಆಚೀಚೆ ಆದ್ರೆ ಏನೂ ಮುಳುಗಲ್ಲ. ನಿಮ್ಮಲ್ಲಿ ನಿಯಮ ಬಿಡುತ್ತಾ ಅಂತ ಶಾಲೇಲಿ ವಿಚಾರಿಸಿ, ಆ ವರ್ಷ ಅವಳು ಟಿವಿ ಮುಂದೆ ಕೂರದೆ ಬೇರೆ ಮಕ್ಕಳ ಜೊತೆ ಆಡ್ಕೊಂಡಿರೋ ಜಾಗ ಇದ್ರೆ ಧೈರ್ಯವಾಗಿ ಕಾಯಿರಿ. ಅಂಥ ಜಾಗ ಇಲ್ಲ, ಮನೇಲಿ ಒಬ್ಬಳೇ ಇರ್ತಾಳೆ ಅಂದ್ರೆ ಈಗ್ಲೇ ಸೇರ್ಸಿ.