ಪಕ್ಷೇತರ ಅಭ್ಯರ್ಥಿಯ ನಾಮಪತ್ರ ತಿರಸ್ಕಾರ: ಮೊದಲು ಸೂಚಕರ ಪಟ್ಟಿ ನೋಡಿ

ವಿಧಾನಸಭೆಗೆ ಪಕ್ಷೇತರರಾಗಿ ನಿಂತ ನಿಮ್ಮ ಚಿಕ್ಕಪ್ಪನ ನಾಮಪತ್ರ ಯಾಕೆ ತಿರಸ್ಕೃತವಾಯಿತು, ಮುಂದಿನ ಸಲ ಏನು ಮಾಡಬೇಕು ಎಂದು ಕೇಳಿದ್ದೀರಿ. ಸೂಚಕರ (ಅಭ್ಯರ್ಥಿಯ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವ ಮತದಾರರ) ವಿವರವೇ ಕಾರಣ ಇರಬೇಕು. ಆದೇಶ ನೋಡದೆ ಖಚಿತವಾಗಿ ಹೇಳಲಾರೆ. ನಾಮಪತ್ರದ ಜೊತೆ ಆಸ್ತಿ, ಕ್ರಿಮಿನಲ್ ಪ್ರಕರಣಗಳ ವಿವರ ಕೊಡುವ ಅಫಿಡವಿಟ್‌ನಲ್ಲಿ (ಪ್ರಮಾಣಪತ್ರ) ಖಾಲಿ ಬಿಟ್ಟ ಕಾಲಂ ಕೂಡ ಕಾರಣ ಆಗಿರಬಹುದು.

ಮೊದಲು ಆದೇಶದ ಪ್ರತಿ ಪಡೆಯಿರಿ. ತಿರಸ್ಕರಿಸಿದರೆ ಚುನಾವಣಾಧಿಕಾರಿ ಕಾರಣ ಬರೆದಿಡಲೇಬೇಕು.

ಮುಂದಿನ ಸಲ ಸೂಚಕರ ವಿಷಯಕ್ಕೇ ಜಾಸ್ತಿ ಸಮಯ ಕೊಡಿ. ಪಕ್ಷೇತರರಿಗೆ 10 ಸೂಚಕರು ಬೇಕು, ಎಲ್ಲರೂ ಅದೇ ಕ್ಷೇತ್ರದ ಮತದಾರರಾಗಿರಬೇಕು. ಪಕ್ಕದ ಕ್ಷೇತ್ರದ ನೆಂಟರೊಬ್ಬರು ಪ್ರೀತಿಯಿಂದ ಸಹಿ ಹಾಕಿದರೆ ಲೆಕ್ಕ 9ಕ್ಕೆ ಇಳಿಯುತ್ತದೆ! ಪ್ರತಿಯೊಬ್ಬರ ಭಾಗ ಸಂಖ್ಯೆ, ಕ್ರಮಸಂಖ್ಯೆಯನ್ನು ಹೊಸ ಮತದಾರರ ಪಟ್ಟಿಯ ಜೊತೆ ನೀವೇ ಕೂತು ತಾಳೆ ನೋಡಿ. ಹೆಬ್ಬೆಟ್ಟು ಒತ್ತುವವರಿದ್ದರೆ ಮನೆಯಲ್ಲಿ ಒತ್ತಿಸಬೇಡಿ, ಅಧಿಕಾರಿಯ ಎದುರೇ ಒತ್ತಬೇಕು.

ಒಂದೇ ಕ್ಷೇತ್ರಕ್ಕೆ 4 ನಾಮಪತ್ರದವರೆಗೆ ಕೊಡಬಹುದು, ಠೇವಣಿ ಒಂದೇ ಸಲ. ಬೇರೆ 10 ಜನರ ಸಹಿ ಹಾಕಿಸಿ ಇನ್ನೊಂದನ್ನೂ ಕೊಟ್ಟುಬಿಡಿ. ಒಂದು ಬಿದ್ದರೂ ಇನ್ನೊಂದು ಉಳಿಯುತ್ತದೆ, ಅಲ್ವಾ?

ಫಾರಂ 26ರ ಅಫಿಡವಿಟ್‌ನಲ್ಲಿ ಸುಮ್ನೆ ಗೆರೆ ಎಳೆಯದೆ ‘ಇಲ್ಲ’ ಅಥವಾ ‘ಅನ್ವಯಿಸುವುದಿಲ್ಲ’ ಎಂದು ಬರೆಯಿರಿ. ಕೊನೆಯ ದಿನದ 3 ಗಂಟೆವರೆಗೆ ಕಾಯಬೇಡಿ. ಎರಡು ದಿನ ಮೊದಲೇ ಕೊಟ್ಟರೆ, ತಪ್ಪು ಕಂಡಾಗ ಹೊಸದು ಸಲ್ಲಿಸಲು ಸಮಯ ಸಿಗುತ್ತದೆ.